ಹಳೆಯ ಕಾರಿನ ತುಕ್ಕು: ಪುಟ್ಟಿಯೋ, ತೇಪೆಯೋ, ಹೊಸ ತಗಡೋ?

ಟಿಂಕರಿಂಗ್ (ಕಾರಿನ ಬಾಡಿಯ ತಗಡಿನ ಕೆಲಸ) ಮಾಡುವ ಆಚಾರ್ರು ನನ್ನ ಪದ್ಮಿನಿ ಕಾರಿಗೆ ಒಂದು ಸುತ್ತು ಬಂದರು. ಕೈಯಲ್ಲಿದ್ದದ್ದು ಹಳೆಯದೊಂದು ಸ್ಕ್ರೂಡ್ರೈವರ್ ಮಾತ್ರ. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗ ಇರುತ್ತದಲ್ಲ, ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಅನ್ನುತ್ತಾರೆ, ಅದರ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಗೇಣಿಗೊಂದರಂತೆ ತಟ್ಟುತ್ತಾ ಹೋದರು. ಟಣ್, ಟಣ್, ಟಣ್, ದಬ್. ದಬ್ ಎಂದಲ್ಲಿ ನಿಂತು, ಸ್ಕ್ರೂಡ್ರೈವರ್ ತಿರುಗಿಸಿ ಮೊನೆಯನ್ನು ಮೆಲ್ಲಗೆ ಒತ್ತಿದರು. ಕಳಿತ ಹಲಸಿಗೆ ಚೂರಿ ಇಳಿದ ಹಾಗೆ ಒಳಗೆ ಹೋಯಿತು. ಎರಡು ತಿಂಗಳ ಹಿಂದಷ್ಟೇ ಬೇರೆ ಕಡೆ ಹೊಳೆಯುವ ಬಣ್ಣ ಹೊಡೆಸಿಕೊಂಡು ಬಂದಿದ್ದ ಜಾಗ ಅದು.

"ಇಲ್ಲಿ ತಗಡು ಉಂಟು ಅಂತ ನೀವು ತಿಳ್ಕೊಂಡಿದ್ದೀರಿ ಮಾರಾಯ್ರೇ. ಬಣ್ಣ ಮಾತ್ರ ಉಂಟು," ಅಂದರು.

ಕಾರು 1984ರ ಪ್ರೀಮಿಯರ್ ಪದ್ಮಿನಿ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು, ಆಮೇಲೆ ಉಡುಪಿ ಕಡೆ ಬಂದದ್ದು. ಘಟ್ಟದ ಮೇಲೆ 20 ವರ್ಷದಲ್ಲಿ ಆಗದ ತುಕ್ಕು ಕರಾವಳಿಯಲ್ಲಿ ಐದು ಮಳೆಗಾಲದಲ್ಲಿ ಆಯಿತು. ಅದರಲ್ಲಿ ಆಶ್ಚರ್ಯವಿಲ್ಲ. ಬೆಂಗಳೂರಿನ ಮಳೆ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಆದರೆ ಮಂಗಳೂರು, ಉಡುಪಿಯಲ್ಲಿ 3,500 ದಾಟುತ್ತದೆ. ಅದರ ಮೇಲೆ ಕಡಲ ಗಾಳಿಯ ಉಪ್ಪು. ಉಪ್ಪು ಗಾಳಿಯ ತೇವವನ್ನು ಎಳೆದು ಹಿಡಿದಿಟ್ಟುಕೊಳ್ಳುವುದರಿಂದ, ಮಳೆ ನಿಂತು ಬಿಸಿಲು ಬಂದರೂ ತಗಡಿನ ಮಡಿಕೆಗಳು ಪೂರ್ತಿ ಒಣಗುವುದೇ ಇಲ್ಲ.

ಆ ಕಾರಿನ ತುಕ್ಕು ತೆಗೆಸುವಾಗ ನಾನು ಎಲ್ಲ ದಾರಿಗಳನ್ನೂ ಒಂದೊಂದು ಕಡೆ ಹಿಡಿದು ನೋಡಿದ್ದೇನೆ. ಕೆಲವು ಕಡೆ ಪುಟ್ಟಿ (ಕಲಸಿ ಮೆತ್ತಿದರೆ ಗಟ್ಟಿಯಾಗುವ ಲೇಪ), ಕೆಲವು ಕಡೆ ತೇಪೆ, ಒಂದು ಬಾಗಿಲು ಗುಜರಿಯದ್ದು, ಫ್ಲೋರ್ ಪೂರ್ತಿ ಹೊಸ ತಗಡು. ಹಳೆಯ ಕಾರು ಇಟ್ಟುಕೊಂಡವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ತೂತು ಎಷ್ಟು ದೊಡ್ಡದು? ನನ್ನ ಅನುಭವದಲ್ಲಿ ತೂತಿನ ಅಳತೆ ಅಷ್ಟು ಮುಖ್ಯವಲ್ಲ. ಕೇಳಬೇಕಾದದ್ದು ಎರಡು: ಆ ತಗಡಿನ ಹಿಂಬದಿಗೆ ಕೈ ಹೋಗುತ್ತದೆಯೇ? ಆ ತಗಡು ಕಾರಿನ ಭಾರ ಹೊರುತ್ತದೆಯೇ? ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಆಯ್ಕೆ ತಾನಾಗಿಯೇ ಆಗುತ್ತದೆ.

ಮೊದಲು ಕಾಯಿಲೆ ಎಲ್ಲಿಯವರೆಗೆ ಹೋಗಿದೆ ನೋಡಿ

ಕಣ್ಣಿಗೆ ಕಾಣುವ ತುಕ್ಕು ಬಹುತೇಕ ಒಳಗಿನಿಂದ ಹೊರಗೆ ಬಂದದ್ದು. ಬಣ್ಣದಡಿ ನಾಲ್ಕು ಗುಳ್ಳೆ ಎದ್ದಿವೆ ಎಂದರೆ ಹಿಂದಿನಿಂದ ಅಂಗೈಯಗಲ ತಿಂದು ಮುಗಿಸಿದೆ ಎಂದೇ ಲೆಕ್ಕ ಹಾಕಿ. ಕಬ್ಬಿಣಕ್ಕಿಂತ ಅದರ ತುಕ್ಕಿಗೆ ಹಲವು ಪಟ್ಟು ಜಾಗ ಬೇಕು. ಹಾಗಾಗಿ ಅದು ಉಬ್ಬಿ, ಎರಡು ತಗಡು ಕೂಡುವಲ್ಲಿ ಬೆಸುಗೆಯನ್ನೇ ಬಿಡಿಸುತ್ತದೆ.

ನೋಡಬೇಕಾದ ಜಾಗಗಳು ಎಲ್ಲ ಹಳೆಯ ಕಾರುಗಳಲ್ಲೂ ಹೆಚ್ಚುಕಮ್ಮಿ ಅವೇ. ಬಾಗಿಲುಗಳ ಅಡಿ. ಕಿಟಕಿ ಗಾಜಿನ ಸಂದಿಯಿಂದ ಇಳಿದ ನೀರು ಹೊರಹೋಗಲು ಅಲ್ಲಿ ಸಣ್ಣ ಕಿಂಡಿಗಳಿರುತ್ತವೆ, ಧೂಳು ಕಟ್ಟಿ ಅವು ಮುಚ್ಚಿದರೆ ಬಾಗಿಲೇ ತೊಟ್ಟಿಯಾಗುತ್ತದೆ. ಚಕ್ರದ ಕಮಾನಿನ ಒಳಅಂಚು. ಬ್ಯಾಟರಿ ಕೂರುವ ತಟ್ಟೆ, ಅಲ್ಲಿ ನೀರಿಗಿಂತ ಆಸಿಡ್ ಕಾಟವೇ ಹೆಚ್ಚು. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಕೆಳಗೆ. ಕೊನೆಗೆ ಕಾಲಿನ ಮ್ಯಾಟ್ ಕೆಳಗಿನ ಫ್ಲೋರ್. ನಮ್ಮ ಕಡೆ ಒದ್ದೆ ಚಪ್ಪಲಿಯಲ್ಲೇ ಹತ್ತುತ್ತೇವೆ. ಮ್ಯಾಟ್ ಅಡಿಯ ಜೂಟ್ ಪದರ ಜೂನ್‌ನಲ್ಲಿ ಕುಡಿದ ನೀರನ್ನು ಅಕ್ಟೋಬರ್‌ವರೆಗೆ ಕಕ್ಕುವುದಿಲ್ಲ.

ತಟ್ಟಿ ನೋಡುವುದು ಆಯಿತಲ್ಲ, ಅದರ ಜೊತೆಗೆ ಒಂದು ಅಯಸ್ಕಾಂತ ಇರಲಿ. ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆ ಸರಿಸುತ್ತಾ ಹೋಗಿ. ಅಂಟಿಕೊಳ್ಳದೆ ಜಾರಿದ ಕಡೆಯೆಲ್ಲ ಒಳಗೆ ಪುಟ್ಟಿ ಕೂತಿದೆ. ಹಳೆಯ ಕಾರು ಕೊಳ್ಳಲು ಹೋದಾಗ ಹೊಸ ಬಣ್ಣ ಕಂಡರೆ ಖುಷಿಪಡಬೇಡಿ, ಮಾಸಿದ ಬಣ್ಣದ ಕಾರೇ ಪ್ರಾಮಾಣಿಕ. ನನ್ನ ಕಾರಿನ ಎಡ ರನ್ನಿಂಗ್ ಬೋರ್ಡ್ ಕೊರೆದಾಗ ಹೊರಬಿದ್ದದ್ದು ಹೆಬ್ಬೆರಳು ದಪ್ಪದ ಪುಟ್ಟಿ, ಅದಕ್ಕೆ ಆಧಾರವಾಗಿ ಸೊಳ್ಳೆ ಜಾಲರಿ, ಅದರ ಹಿಂದೆ ಉಂಡೆಕಟ್ಟಿ ತುರುಕಿದ ಕನ್ನಡ ಪತ್ರಿಕೆ. ಪದಬಂಧದ ಅರ್ಧ ಪುಟ ಓದುವಷ್ಟು ಚೆನ್ನಾಗಿತ್ತು. ಆಚಾರ್ರು ಅದನ್ನು ಕೊಡವಿ ನನ್ನ ಕೈಗೆ ಕೊಟ್ಟು, "ಭರ್ತಿ ಮಾಡಿ ಕೊಡಿ, ಅಷ್ಟರಲ್ಲಿ ನಾನು ತಗಡು ಕತ್ತರಿಸ್ತೇನೆ" ಅಂದರು.

ತೂತಾಗದಿದ್ದರೆ: ಉಜ್ಜುವುದು, ರಾಸಾಯನಿಕ, ಮರಳು

ತಗಡು ಗಟ್ಟಿ ಇದೆ, ಮೇಲೆ ಕಂದು ಪುಡಿ ಮಾತ್ರ. ಈ ಹಂತದಲ್ಲಿ ಸಿಕ್ಕರೆ ನೀವು ಪುಣ್ಯವಂತರು. ಗ್ರೈಂಡರಿಗೆ ವೈರ್ ಬ್ರಶ್ ಕಟ್ಟಿ ಉಜ್ಜುವುದು ಎಲ್ಲರೂ ಮಾಡುವ ಕೆಲಸ, ಆದರೆ ಅದರಲ್ಲೊಂದು ಮೋಸ ಇದೆ. ವೈರ್ ಬ್ರಶ್ ತುಕ್ಕನ್ನು ಪಾಲಿಶ್ ಮಾಡಿಬಿಡುತ್ತದೆ. ಸಣ್ಣ ಕುಳಿಗಳೊಳಗೆ ಕಪ್ಪು ಚುಕ್ಕೆ ಹಾಗೇ ಉಳಿದರೂ ಮೇಲ್ಮೈ ಮಾತ್ರ ಬೆಳ್ಳಿಯ ಹಾಗೆ ಮಿರುಗುತ್ತದೆ. ಬಿಸಿಲಿನಲ್ಲಿ ಓರೆಯಾಗಿ ನೋಡಿ. ಚುಕ್ಕೆ ಕಂಡರೆ ಕೆಲಸ ಮುಗಿದಿಲ್ಲ.

ಆ ಚುಕ್ಕೆಗಳಿಗೆ ರಾಸಾಯನಿಕವೇ ಬೇಕು. ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಎಂದು ಕೇಳಿದರೆ ಸಿಗುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಫಾಸ್ಫಾರಿಕ್ ಆಮ್ಲದ್ದು ತುಕ್ಕನ್ನು ಐರನ್ ಫಾಸ್ಫೇಟ್ ಆಗಿ ಬದಲಿಸುತ್ತದೆ. ಟ್ಯಾನಿಕ್ ಆಮ್ಲದ್ದು ಅದನ್ನು ನೀಲಿಗಪ್ಪು ಪದರ ಮಾಡುತ್ತದೆ. ಎರಡಕ್ಕೂ ಒಂದೇ ಮಿತಿ: ಮುಟ್ಟಿದ್ದನ್ನಷ್ಟೇ ಬದಲಿಸುತ್ತವೆ. ಹಕ್ಕಳೆಯಾಗಿ ಎದ್ದ ದಪ್ಪ ತುಕ್ಕಿನ ಮೇಲೆ ಬಳಿದರೆ ಮೇಲಿನ ಪದರ ಕಪ್ಪಾಗುತ್ತದೆ, ಅಡಿಯಲ್ಲಿ ಹಬ್ಬ ಮುಂದುವರಿಯುತ್ತದೆ. ಆದ್ದರಿಂದ ಮೊದಲು ಕೆರೆದು, ಆಮೇಲೆ ಬಳಿಯಬೇಕು. ಫಾಸ್ಫಾರಿಕ್ ಆಮ್ಲದ್ದಾದರೆ ಡಬ್ಬಿಯ ಮೇಲೆ ಹೇಳಿದಂತೆ ತೊಳೆದು ಒಣಗಿಸಿಯೇ ಪ್ರೈಮರ್, ಅಂದರೆ ಬಣ್ಣದಡಿಯ ಮೊದಲ ಲೇಪ. ಉಳಿದ ಆಮ್ಲದ ಮೇಲೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ರಾಳ) ಪ್ರೈಮರ್ ಹಿಡಿಯುವುದಿಲ್ಲ.

ಸ್ಯಾಂಡ್ ಬ್ಲಾಸ್ಟಿಂಗ್, ಅಂದರೆ ಒತ್ತಡದ ಗಾಳಿಯಲ್ಲಿ ಮರಳು ಹೊಡೆದು ತುಕ್ಕು ತೆಗೆಯುವುದು, ಮಾಡಿಸಿ ಅನ್ನುವವರು ತುಂಬ ಜನ. ಚಕ್ರದ ರಿಮ್, ಹಿಂಜ್, ಸಸ್ಪೆನ್ಷನ್ ಭಾಗಗಳಂಥ ದಪ್ಪ ಕಬ್ಬಿಣಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಬಾನೆಟ್, ರೂಫ್, ಬಾಗಿಲಿನ ಹೊರತಗಡಿಗೆ ಮಾತ್ರ ಬೇಡವೇ ಬೇಡ. ಮರಳಿನ ಪ್ರತಿ ಕಣವೂ ಒಂದು ಪುಟ್ಟ ಸುತ್ತಿಗೆ. ಅಗಲವಾದ ತೆಳು ತಗಡು ಒಂದು ಮೈ ಹಿಗ್ಗಿ ಹಪ್ಪಳದಂತೆ ಸೊಟ್ಟಗಾಗುತ್ತದೆ, ಮತ್ತೆ ಸಮ ಮಾಡುವುದು ಎಂಥ ಕೈಗೂ ಕಷ್ಟ. ಜೊತೆಗೆ ಒಣ ಸಿಲಿಕಾ ಮರಳಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಮಾಡುವ ಕೆಲಸ ಅದಲ್ಲ.

ಬಾಡಿಯನ್ನೇ ಆಮ್ಲದ ತೊಟ್ಟಿಯಲ್ಲಿ ಮುಳುಗಿಸುವ ಕ್ರಮವೂ ಇದೆ. ಅತ್ಯಂತ ಸ್ವಚ್ಛ ಫಲ, ಆದರೆ ಮಡಿಕೆಗಳೊಳಗೆ ಉಳಿದ ಆಮ್ಲ ಎರಡು ವರ್ಷ ಬಿಟ್ಟು ಹೊಸ ಬಣ್ಣದಡಿಯಿಂದ ಅಳಲು ಶುರುಮಾಡಿದರೆ ಯಾರಿಗೆ ಹೇಳುವುದು? ಸಣ್ಣ ಬಿಡಿಭಾಗಗಳಿಗೆ ಮನೆಯಲ್ಲೇ ಮಾಡಬಹುದಾದದ್ದು ವಿದ್ಯುತ್ ವಿಧಾನ: ಪ್ಲಾಸ್ಟಿಕ್ ಬಕೆಟ್, ನೀರಿನಲ್ಲಿ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ಚಾರ್ಜರಿನ ನೆಗೆಟಿವ್ ತುದಿ ತುಕ್ಕಿನ ಭಾಗಕ್ಕೆ, ಪಾಸಿಟಿವ್ ತುದಿ ಬೇಡದ ಒಂದು ಕಬ್ಬಿಣದ ತುಂಡಿಗೆ. ಒಂದು ರಾತ್ರಿಯಲ್ಲಿ ತುಕ್ಕು ಕಪ್ಪು ರಾಡಿಯಾಗಿ ಬಿಡುತ್ತದೆ. ಆ ತುಂಡಿನ ಜಾಗದಲ್ಲಿ ಸ್ಟೀಲ್ ಲೋಟ, ಸೌಟು ಹಾಕಬೇಡಿ, ಸ್ಟೇನ್‌ಲೆಸ್ ಸ್ಟೀಲಿನಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬರುತ್ತದೆ. ಜಲಜನಕವೂ ಏಳುವುದರಿಂದ ಬಯಲಲ್ಲೇ ಇಡಿ, ಬೀಡಿ ಸೇದುವವರನ್ನು ದೂರ ಕೂರಿಸಿ.

ಪುಟ್ಟಿಗೆ ಬೈಯುವ ಮೊದಲು

ಹಳೆ ಕಾರಿನವರ ನಡುವೆ ಪುಟ್ಟಿ ಎಂದರೆ ಬೈಗುಳ. ಅಷ್ಟು ಕೆಟ್ಟದ್ದೇನಲ್ಲ ಅದು. ಗಟ್ಟಿ ತಗಡಿನ ಮೇಲಿನ ಸಣ್ಣ ತಗ್ಗು ತುಂಬಿ ಮೈ ನುಣ್ಣಗೆ ಮಾಡಲು ಹುಟ್ಟಿದ್ದು ಪುಟ್ಟಿ, ಆ ಕೆಲಸಕ್ಕೆ ಅದಕ್ಕೆ ಸಾಟಿಯಿಲ್ಲ. ನುರಿತ ಟಿಂಕರ್ ಕೂಡ ಬೆಸುಗೆಯ ಗೆರೆ ಮುಚ್ಚಲು ಕೊನೆಯಲ್ಲಿ ಒಂದು ಕೈ ಪುಟ್ಟಿ ಎಳೆದೇ ಎಳೆಯುತ್ತಾನೆ. ಮೂರು ಮಿಲಿಮೀಟರಿನೊಳಗೆ ಇದ್ದರೆ ಸಮಸ್ಯೆಯಿಲ್ಲ.

ತಪ್ಪು ಆಗುವುದು ಅದನ್ನು ತೂತಿಗೆ ಮುಚ್ಚಳವಾಗಿ ಬಳಸಿದಾಗ. ಪಾಲಿಯೆಸ್ಟರ್ ಪುಟ್ಟಿ ಸ್ವಭಾವತಃ ನೀರು ಹೀರುತ್ತದೆ. ತೂತಿನ ಹಿಂಬದಿಯಿಂದ ತೇವ ಹತ್ತಿ, ಪುಟ್ಟಿ ಮತ್ತು ತಗಡಿನ ನಡುವೆ ಹೊಸ ತುಕ್ಕಿನ ಪದರ ಕಟ್ಟುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಇಡೀ ಬಿಲ್ಲೆ ಕಳಚಿ ಕೈಗೆ ಬರುತ್ತದೆ. ಫೈಬರ್ ಮ್ಯಾಟ್ (ಗಾಜಿನ ನಾರಿನ ಹಾಸು) ಹಾಕಿ ರಾಳ ಬಳಿದರೂ ಕಥೆ ಅದೇ, ಸ್ವಲ್ಪ ನಿಧಾನ ಅಷ್ಟೇ. ಬಿಸಿಲಿಗೆ ತಗಡು ಹಿಗ್ಗುವ ಲೆಕ್ಕವೇ ಬೇರೆ, ಫೈಬರ್ ಹಿಗ್ಗುವ ಲೆಕ್ಕವೇ ಬೇರೆ.

ಹಾಗಾದರೆ ತೂತಿಗೆ ಫೈಬರ್ ಯಾವತ್ತೂ ಬೇಡವೇ? ಒಂದು ಸಂದರ್ಭದಲ್ಲಿ ನಾನೂ ಹಾಕಿಸಿದ್ದೇನೆ. ಜೂನ್ ಬಾಗಿಲಿಗೆ ಬಂದಿತ್ತು, ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ರೂಪಾಯಿ ಅಗಲದ ಎರಡು ತೂತು, ಕೈಯಲ್ಲಿ ದುಡ್ಡಿರಲಿಲ್ಲ. ಎರಡೂ ಬದಿ ಕೆರೆದು, ಎಪಾಕ್ಸಿ ರಾಳದಲ್ಲಿ ಮ್ಯಾಟ್ ಕೂರಿಸಿದೆವು. ಪಾಲಿಯೆಸ್ಟರಿಗಿಂತ ಎಪಾಕ್ಸಿ ಕಬ್ಬಿಣವನ್ನು ಬಿಗಿಯಾಗಿ ಹಿಡಿಯುತ್ತದೆ. ಎರಡೂ ಬದಿಗೆ ಕೈ ಹೋಗುವ, ಭಾರ ಹೊರದ ಜಾಗ ಅದು. ಎರಡು ಮಳೆಗಾಲ ತಡೆಯಿತು, ಮೂರನೆಯ ಬೇಸಿಗೆಯಲ್ಲಿ ಕಿತ್ತು ತಗಡು ಹಾಕಿಸಿದೆ. ಹೀಗೆ ದಿನ ದೂಡುವ ಉಪಾಯ ಎಂದು ಗೊತ್ತಿದ್ದು ಮಾಡಿದರೆ ತಪ್ಪಿಲ್ಲ. ಆದರೆ ಅದನ್ನೇ ರಿಪೇರಿ ಎಂದು ಹೇಳಿ ಕಾರು ಮಾರಬೇಡಿ.

ಪುಟ್ಟಿ ಕಲಸುವಾಗ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಶೇಕಡಾ ಎರಡರ ಆಸುಪಾಸಿನಲ್ಲಿರಲಿ. ಬೇಗ ಒಣಗಲಿ ಎಂದು ಜಾಸ್ತಿ ಹಾಕಿದರೆ ಮೇಲಿನ ಬಣ್ಣದಲ್ಲಿ ಕಲೆ ಏಳುತ್ತದೆ. ಬರಿ ತಗಡಿನ ಮೇಲಲ್ಲ, ಎಪಾಕ್ಸಿ ಪ್ರೈಮರ್ ಮೇಲೆ ಪುಟ್ಟಿ ಹಾಕಿ ಎಂದು ಹೇಳಿದರೆ ಕೆಲವು ಟಿಂಕರ್‌ಗಳು ಮುಖ ನೋಡುತ್ತಾರೆ. ನೋಡಲಿ ಬಿಡಿ. ನಮ್ಮ ಹವೆಯಲ್ಲಿ ಅದೇ ಸರಿ.

ಭಾರ ಹೊರುವ ತಗಡು ಯಾವುದು?

ಇಲ್ಲಿ ಒಂದು ಕಾರಿಗೂ ಇನ್ನೊಂದಕ್ಕೂ ಅಜಗಜಾಂತರ. ಪದ್ಮಿನಿ ಮೂಲತಃ ಫಿಯೆಟ್ 1100, ಆಂಬಾಸಿಡರ್ ಮೂಲತಃ ಮಾರಿಸ್ ಆಕ್ಸ್‌ಫರ್ಡ್. ಎರಡಕ್ಕೂ ಪ್ರತ್ಯೇಕ ಚಾಸಿ (ಭಾರ ಹೊರುವ ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ರನ್ನಿಂಗ್ ಬೋರ್ಡ್, ಫ್ಲೋರ್, ಬಾಗಿಲ ನಡುವಿನ ಕಂಬ, ಸಸ್ಪೆನ್ಷನ್ ಕೂರುವ ಜಾಗಗಳು ಇವೆಲ್ಲ ಸೇರಿಯೇ ಕಾರು ನೆಟ್ಟಗೆ ನಿಂತಿರುವುದು. ಅಲ್ಲಿ ತುಕ್ಕು ಹಿಡಿದರೆ ಮೊದಲು ತಿಳಿಯುವುದು ಬಾಗಿಲಿನಿಂದ. ಜ್ಯಾಕ್ ಕೊಟ್ಟು ಎತ್ತಿದಾಗ ಬಾಗಿಲು ಸರಿಯಾಗಿ ಮುಚ್ಚದಿದ್ದರೆ, ಬಾಗಿಲ ಸಂದಿ ಮೇಲೆ ಒಂದಳತೆ ಕೆಳಗೆ ಒಂದಳತೆ ಆದರೆ, ಕಾರು ನಡುವಿನಲ್ಲಿ ಕುಸಿಯುತ್ತಿದೆ ಎಂದರ್ಥ.

ಅದೇ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಅಥವಾ ಮಹೀಂದ್ರಾದ ಹಳೆಯ ಜೀಪು ಆದರೆ ಅಡಿಯಲ್ಲಿ ಬೇರೆ ಚಾಸಿ ಇದೆ, ಬಾಡಿ ಅದರ ಮೇಲೆ ಬೋಲ್ಟಿನಲ್ಲಿ ಕೂತಿದೆ. ಅಂಥ ಗಾಡಿಯ ಹೊರತಗಡಿನಲ್ಲಿ ತೂತಾದರೆ ಅಂದ ಕೆಡುತ್ತದೆ, ಪ್ರಾಣಕ್ಕೆ ಅಪಾಯವಿಲ್ಲ. ಅಲ್ಲಿ ಚಾಸಿಯ ತುಕ್ಕನ್ನೇ ನೋಡಬೇಕು.

ಹಾಗಾಗಿ ಪದ್ಮಿನಿ, ಆಂಬಾಸಿಡರ್‌ಗಳಲ್ಲಿ ಭಾರ ಹೊರುವ ಕಡೆ ಪುಟ್ಟಿ, ಫೈಬರ್, ರಿವೆಟ್ ಹೊಡೆದ ತಗಡು ಯಾವುದೂ ಲೆಕ್ಕಕ್ಕಿಲ್ಲ. ಈಚೆಗೆ ಬಂದ ತಗಡು ಅಂಟಿಸುವ ಎಪಾಕ್ಸಿ ಅಂಟೂ ಅಲ್ಲಿಗೆ ಬೇಡ. ಬಾಗಿಲಿನ ಹೊರತಗಡಿಗೆ ಅದು ಒಳ್ಳೆಯ ಆಯ್ಕೆ, ಬೆಂಕಿ ಸೋಕದ ಕಾರಣ ತಗಡು ಸೊಟ್ಟಗಾಗುವುದಿಲ್ಲ. ರನ್ನಿಂಗ್ ಬೋರ್ಡಿಗೆ ಮಾತ್ರ ಬೆಸುಗೆಯೇ.

ಬೆಸುಗೆ: ಗ್ಯಾಸೋ, ಹಿತ್ತಾಳೆಯೋ, ಸಿಓಟೂವೋ

ಊರಿನ ಹಳೆಯ ಟಿಂಕರ್‌ಗಳ ಕೈಯಲ್ಲಿ ಇನ್ನೂ ಗ್ಯಾಸ್ ವೆಲ್ಡಿಂಗೇ ಇದೆ, ಆಕ್ಸಿಜನ್ ಮತ್ತು ಅಸಿಟಿಲೀನ್. ಅದನ್ನು ಹಳೇ ಕಾಲದ್ದು ಎಂದು ತಳ್ಳಿಹಾಕಬೇಡಿ. ಗ್ಯಾಸ್ ಬೆಸುಗೆ ಮೆತ್ತಗಿರುತ್ತದೆ. ಹಿಂದೆ ಡಾಲಿ (ಆನಿಕೆಯ ಕಬ್ಬಿಣದ ದಿಮ್ಮಿ) ಹಿಡಿದು ಮುಂದೆ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಗೆರೆಯೇ ಕಾಣದಂತೆ ಮಾಡಬಹುದು. ತೊಂದರೆ ಎಂದರೆ ಶಾಖ. ಅದು ಸುತ್ತಲೂ ಹರಡಿ ತಗಡು ಅಲೆಅಲೆಯಾಗುತ್ತದೆ. ಮಡ್‌ಗಾರ್ಡಿನ ಅಂಚು, ಕಮಾನು, ಹೀಗೆ ಬಾಗಿದ ಜಾಗದಲ್ಲಿ ತಗಡಿಗೆ ತನ್ನದೇ ಬಿಗಿ ಇರುವುದರಿಂದ ತಡೆದುಕೊಳ್ಳುತ್ತದೆ. ಬಾಗಿಲಿನ ನಡುವಿನ ಚಪ್ಪಟೆ ಜಾಗದಲ್ಲಿ ಗ್ಯಾಸ್ ಹಿಡಿದರೆ ಕೈ ನುರಿತವನಿಗೂ ಬೆವರು.

ಹಿತ್ತಾಳೆ ಕಡ್ಡಿಯ ಬ್ರೇಜಿಂಗ್‌ಗೆ ಶಾಖ ಕಡಿಮೆ ಸಾಕು. ಕಬ್ಬಿಣ ಕರಗಲು ಸುಮಾರು 1,500 ಡಿಗ್ರಿ ಬೇಕು, ಹಿತ್ತಾಳೆಗೆ 900ರ ಹತ್ತಿರ ಸಾಕು. ಹಾಗಾಗಿ ತೂತು ಬೀಳದೆ ಬೇಗ ಆಗುತ್ತದೆ. ಬೆಸೆದ ಮೇಲೆ ಉಳಿಯುವ ಪೌಡರ್, ಅಂದರೆ ಫ್ಲಕ್ಸ್, ಗಾಜಿನ ಹಾಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅದನ್ನು ಪೂರ್ತಿ ತೆಗೆಯದಿದ್ದರೆ ಬಣ್ಣ ಅಲ್ಲೇ ಏಳುತ್ತದೆ. ದೊಡ್ಡ ಸಮಸ್ಯೆ ಮುಂದಿನದು: ಒಮ್ಮೆ ಹಿತ್ತಾಳೆ ಹರಿದ ಜಾಗದಲ್ಲಿ ಮುಂದೆ ಕಬ್ಬಿಣದ ಬೆಸುಗೆ ಸರಿಯಾಗಿ ಕೂರುವುದಿಲ್ಲ, ಆ ಭಾಗವನ್ನು ಕತ್ತರಿಸಿಯೇ ತೆಗೆಯಬೇಕು. ಹತ್ತು ವರ್ಷ ಬಿಟ್ಟು ಈ ಕಾರಿನ ಕೆಲಸ ಮಾಡುವವನ ಶಾಪ ನಿಮಗೆ ತಟ್ಟುತ್ತದೆ.

ನನ್ನ ಮತ ಸಿಓಟೂ ವೆಲ್ಡಿಂಗಿಗೆ, ಅಂದರೆ ಮಿಗ್: ಗ್ಯಾಸಿನ ಮರೆಯಲ್ಲಿ ವಿದ್ಯುತ್ತಿನಿಂದ ತಂತಿ ಕರಗಿಸಿ ಬೆಸೆಯುವುದು. ಆದರೆ ಯಂತ್ರ ಇದೆ ಎಂದ ಮಾತ್ರಕ್ಕೆ ಆಗಲಿಲ್ಲ. ಗೇಟು, ಗ್ರಿಲ್ಲು ಮಾಡುವ ವರ್ಕ್‌ಶಾಪಿನಲ್ಲೂ ಅದು ಇರುತ್ತದೆ. ಕಾರಿನ ತಗಡಿಗೆ 0.6 ಅಥವಾ 0.8 ಮಿಲಿಮೀಟರ್ ತಂತಿ ಬೇಕು. ಬರೀ ಕಾರ್ಬನ್ ಡೈಆಕ್ಸೈಡ್ ಬದಲು ಆರ್ಗಾನ್ ಬೆರಕೆಯ ಗ್ಯಾಸ್ ಆದರೆ ಕಿಡಿ ಕಡಿಮೆ, ತಗಡು ಸುಟ್ಟು ತೂತಾಗುವುದೂ ಕಡಿಮೆ. ಗೆರೆ ಎಳೆಯಲೇಬಾರದು. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಆ ತುದಿಯಲ್ಲಿ, ಮೂರನೆಯದು ನಡುವೆ, ಹೀಗೆ ದೂರದೂರ ಹಾಕಿ, ಆರಲು ಬಿಟ್ಟು, ನಡುವಿನ ಜಾಗ ತುಂಬುತ್ತಾ ಬರಬೇಕು. ಅವಸರದವನಿಗೆ ಇದು ಆಗದ ಕೆಲಸ. ಟಿಂಕರ್‌ನನ್ನು ಆರಿಸುವಾಗ ನಾನು ಅವನ ಯಂತ್ರ ನೋಡುವುದಿಲ್ಲ, ಎರಡು ಚುಕ್ಕೆಗಳ ನಡುವೆ ಅವನು ಟೀ ಕುಡಿಯುತ್ತಾನೋ ಇಲ್ಲವೋ ನೋಡುತ್ತೇನೆ. ಮಿಗ್ ಬೆಸುಗೆ ಗಡುಸು, ಸುತ್ತಿಗೆಗೆ ಬಗ್ಗದು, ಗ್ರೈಂಡರಿನಲ್ಲಿ ಉಜ್ಜಬೇಕು. ಉಜ್ಜುವಾಗ ಪಕ್ಕದ ತಗಡೇ ತೆಳುವಾಗದಂತೆ ನೋಡಿಕೊಳ್ಳಬೇಕು. ಟಿಗ್ ಎಂಬ ಇನ್ನೊಂದು ವಿದ್ಯುತ್ ಬೆಸುಗೆ ಇನ್ನೂ ನಾಜೂಕು, ಇನ್ನೂ ನಿಧಾನ, ಇನ್ನೂ ದುಬಾರಿ. ಅಪರೂಪದ ಕಾರಿನ ಹೊರಮೈಗೆ ಸರಿ, ಫ್ಲೋರಿಗೆ ದುಂದು.

ತೇಪೆಯ ತಗಡು ಹೊರಮೈಗೆ 20 ಗೇಜ್, ಅಂದರೆ 0.9 ಮಿಲಿಮೀಟರ್. ಫ್ಲೋರ್, ರನ್ನಿಂಗ್ ಬೋರ್ಡಿಗೆ 18 ಗೇಜ್, 1.2 ಮಿಲಿಮೀಟರ್. ಅಂಗಡಿಯಲ್ಲಿ ಸಿಆರ್ ಶೀಟ್ (ಕೋಲ್ಡ್ ರೋಲ್ಡ್, ಲೇಪವಿಲ್ಲದ ಉಕ್ಕಿನ ತಗಡು) ಎಂದೇ ಕೇಳಿ. ತುಕ್ಕು ಹಿಡಿಯದು ಎಂದು ಸತು ಲೇಪಿಸಿದ ಜಿಐ ಶೀಟ್ ತಂದು ಕೊಡುವ ಜಾಣರಿದ್ದಾರೆ. ಅದನ್ನು ಬೆಸೆಯುವಾಗ ಸತುವಿನ ಹೊಗೆ ಎದ್ದು, ಬೆಸೆಯುವವನಿಗೆ ರಾತ್ರಿ ಚಳಿಜ್ವರ ಬರುತ್ತದೆ. ಬೆಸುಗೆಯೂ ಗುಳ್ಳೆಗುಳ್ಳೆಯಾಗುತ್ತದೆ.

ತೇಪೆಯನ್ನು ತೂತಿನ ಮೇಲೆ ಹೊದಿಸಿ ಬೆಸೆಯುವುದು ಸುಲಭ, ಆದರೆ ಎರಡು ಪದರದ ನಡುವೆ ನೀರಿಗೆ ಮನೆ ಮಾಡಿಕೊಟ್ಟಂತೆ. ಕೆಟ್ಟದ್ದನ್ನು ಹೊಳೆಯುವ ತಗಡು ಸಿಗುವವರೆಗೆ ಕತ್ತರಿಸಿ, ಅಷ್ಟೇ ಅಳತೆಯ ತುಂಡನ್ನು ಅಂಚಿಗೆ ಅಂಚು ತಾಗಿಸಿ ಬೆಸೆಯಬೇಕು. ಹಿಂಬದಿಗೆ ಕೈ ಹೋಗುವ ಕಡೆಯೆಲ್ಲ ಹೀಗೇ ಮಾಡಿಸಿ. ಕೈ ಹೋಗದ ಪೆಟ್ಟಿಗೆ ಭಾಗದಲ್ಲಿ ಹೊದಿಕೆ ಅನಿವಾರ್ಯವಾದರೆ, ಆ ಅಂಚಿಗೆ ಸೀಮ್ ಸೀಲರ್ (ಸಂದಿ ಮುಚ್ಚುವ ಅಂಟು) ತುಂಬಿಸದೆ ಬಿಡಬೇಡಿ. ತೂತಿಗೆ ಚೌಕ ತೇಪೆ ಬೇಡ, ಮೂಲೆಗಳನ್ನು ದುಂಡಾಗಿಸಿ. ಮೂಲೆಯಲ್ಲಿ ಶಾಖ ಒಟ್ಟುಗೂಡಿ ಅಲ್ಲೇ ಸುಟ್ಟು ಹೋಗುತ್ತದೆ.

ರನ್ನಿಂಗ್ ಬೋರ್ಡ್ ಕತ್ತರಿಸುವ ಮುನ್ನ ಬಾಗಿಲಿನ ಚೌಕಟ್ಟಿಗೆ ಒಳಗಿನಿಂದ ಕಬ್ಬಿಣದ ಪೈಪನ್ನು ಅಡ್ಡ ಬೆಸೆದು ನಿಲ್ಲಿಸುತ್ತಾರೋ ಕೇಳಿ. "ಬೇಡ ಸರ್, ಹಾಗೇ ಆಗುತ್ತದೆ" ಎಂದರೆ ಕಾರಿನ ಬೀಗದಕೈ ವಾಪಸ್ ಇಸ್ಕೊಳ್ಳಿ. ಆಧಾರವಿಲ್ಲದೆ ಕತ್ತರಿಸಿದ ಕಾರು ಒಂದೆರಡು ಮಿಲಿಮೀಟರ್ ಕುಸಿದು, ಹಾಗೇ ಬೆಸೆಯಲ್ಪಟ್ಟರೆ ಆ ಬಾಗಿಲು ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟು ಶುರುಮಾಡಬೇಕು ಎಂದು ಬೇರೆ ಹೇಳಬೇಕಿಲ್ಲ. ಆದರೂ ಹೇಳಿದೆ, ಯಾಕೆಂದರೆ ಅಡಿಯ ಡಾಂಬರು ಲೇಪ ಬೆಸುಗೆಯ ಕಿಡಿಗೆ ಹೊತ್ತಿಕೊಂಡದ್ದನ್ನು ನೋಡಿದ್ದೇನೆ.

ಇಡೀ ಪ್ಯಾನೆಲ್ ಬದಲಿಸುವುದಾದರೆ

ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ, ಆಂಬಾಸಿಡರಿನ ಮುಂದಿನ ಮಡ್‌ಗಾರ್ಡ್ ಇವೆಲ್ಲ ಬೋಲ್ಟ್ ಬಿಚ್ಚಿದರೆ ಕೈಗೆ ಬರುವಂಥವು. ಇವುಗಳಲ್ಲಿ ನಾಲ್ಕೈದು ಕಡೆ ತೂತಿದ್ದರೆ ತೇಪೆ ಹಾಕುತ್ತಾ ಕೂರುವುದಕ್ಕಿಂತ ಬದಲಿ ಹುಡುಕುವುದು ಅಗ್ಗ. ಆಂಬಾಸಿಡರ್ ಉತ್ಪಾದನೆ ನಿಂತದ್ದು 2014ರಲ್ಲಿ, ಆದ್ದರಿಂದ ಅದರ ಭಾಗಗಳು ಇನ್ನೂ ಸುತ್ತಾಡುತ್ತಿವೆ. ಪದ್ಮಿನಿಗೆ ಅದಕ್ಕಿಂತ ಕಷ್ಟ. ಮುಂಬೈಯ ಕಾಳಿ-ಪೀಲಿ (ಕಪ್ಪು-ಹಳದಿ) ಪದ್ಮಿನಿ ಟ್ಯಾಕ್ಸಿಗಳು ಗುಜರಿಗೆ ಬೀಳುತ್ತಿದ್ದಷ್ಟು ಕಾಲ ಬಾಗಿಲುಗಳಿಗೆ ಬರ ಇರಲಿಲ್ಲ. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು.

ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಅಂಗಡಿಗಳು ಎಲ್ಲರಿಗೂ ಗೊತ್ತು. ಗುಜರಿ ಬಾಗಿಲು ಕೊಳ್ಳುವಾಗ ಬಣ್ಣ ನೋಡಬೇಡಿ, ತಲೆಕೆಳಗು ಮಾಡಿ ಅಡಿ ನೋಡಿ. ಆದಷ್ಟು ಒಣ ಊರಿನ ಕಾರಿನದ್ದು ಹುಡುಕಿ. ಬಳ್ಳಾರಿ, ಕಲಬುರಗಿ ಬಾಗಿಲಿಗೆ ಎರಡು ಕಾಸು ಜಾಸ್ತಿ ಕೊಡಲು ನಾನು ತಯಾರು, ಕಡಲ ಊರಿನದ್ದು ಪುಕ್ಕಟೆ ಕೊಟ್ಟರೂ ಬೇಡ. ನನ್ನ ಕಾರಿನ ಹಿಂದಿನ ಬಲಬಾಗಿಲು ಹಾಗೆ ಬಂದದ್ದು. ಹಿಂಜ್‌ಗೆ ಕೂರಿಸಿ, ಸಂದಿ ಸರಿಮಾಡಲು ಆಚಾರ್ರಿಗೆ ಒಂದು ಇಡೀ ದಿನ ಹಿಡಿಯಿತು. ಹಳೆಯ ಕಾರುಗಳು ಕೈಯಲ್ಲೇ ಸರಿಹೊಂದಿಸಿದಂಥವು, ಒಂದರ ಬಾಗಿಲು ಇನ್ನೊಂದಕ್ಕೆ ಅಚ್ಚುಕಟ್ಟಾಗಿ ಕೂತರೆ ಅದು ಅದೃಷ್ಟ.

ಈಗ ಹೊಸದಾಗಿ ಒತ್ತಿದ ತಗಡಿನ ಭಾಗಗಳೂ ಸಿಗುತ್ತವೆ. ತೆಗೆದುಕೊಳ್ಳುವ ಮುನ್ನ ಎರಡು ಬೆರಳಲ್ಲಿ ಒತ್ತಿ ನೋಡಿ. ಡಬ್ಬಿ ಮುಚ್ಚಳದಂತೆ ಒಳಹೋಗಿ ಹೊರಬಂದರೆ ಮೂಲಕ್ಕಿಂತ ತೆಳು. ಅಂಥದ್ದಕ್ಕಿಂತ ಒಳ್ಳೆಯ ಟಿಂಕರ್ ಮರಳಿನ ಚೀಲದ ಮೇಲೆ ಬಡಿದು ಮಾಡಿದ ತುಂಡೇ ಮೇಲು. ಫ್ಲೋರಿಗಂತೂ ಹೊರಗೆ ಹುಡುಕಲೇಬೇಡಿ. ಉಬ್ಬುಗೆರೆಗಳಿರುವ ಚಪ್ಪಟೆ ತಗಡು ಅದು. ಶೀಟ್ ಮಡಿಸುವ ಯಂತ್ರವಿರುವ ಯಾವ ವರ್ಕ್‌ಶಾಪಿನಲ್ಲಾದರೂ ಮಾಡಿಸಬಹುದು. ಆ ಗೆರೆಗಳನ್ನು ಮಾತ್ರ ಬಿಡಬೇಡಿ, ತಗಡಿಗೆ ಬಿಗಿ ಬರುವುದು ಅವುಗಳಿಂದಲೇ. ಕಾರ್ಖಾನೆಯ ಸ್ಪಾಟ್ ಬೆಸುಗೆ (ಚುಕ್ಕೆಚುಕ್ಕೆಯಾಗಿ ಹಾಕಿದ್ದು) ಇದ್ದ ಕಡೆ ಹೊಸ ತಗಡಿಗೆ ಎಂಟು ಮಿಲಿಮೀಟರಿನ ತೂತು ಕೊರೆದು, ಅದರೊಳಗೆ ಬೆಸುಗೆ ತುಂಬುವುದು ವಾಡಿಕೆ. ಉಜ್ಜಿದ ಮೇಲೆ ಮೂಲದಂತೆಯೇ ಕಾಣುತ್ತದೆ.

ಎಷ್ಟು ಬದಲಿಸಬಹುದು ಎಂಬುದಕ್ಕೆ ಕಾನೂನಿನ ಕಡೆಯಿಂದಲೂ ಒಂದು ಗಡಿ ಇದೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯ ಪ್ರಕಾರ, 50 ವರ್ಷ ದಾಟಿದ ಖಾಸಗಿ ವಾಹನ ಮೂಲ ರೂಪದಲ್ಲಿದ್ದು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರದಿದ್ದರೆ ವಿಂಟೇಜ್ ಎಂದು ನೋಂದಾಯಿಸಬಹುದು, ವಿಎ ಸರಣಿಯ ನಂಬರು ಸಿಗುತ್ತದೆ. ಆದರೆ ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ. ನಿಮ್ಮ ಕಾರು 1970ರ ದಶಕದ್ದಾಗಿದ್ದು ಆ ದಾರಿ ಹಿಡಿಯುವ ಆಸೆ ಇದ್ದರೆ, ಮೂಲ ತಗಡನ್ನು ಆದಷ್ಟು ಉಳಿಸುವ ತೇಪೆಯೇ ಸರಿ, ಆಕಾರ ಬದಲಿಸುವ ಕೆಲಸ ಬೇಡ. ಪ್ರತಿ ಹಂತದ ಫೋಟೋ ಇಟ್ಟುಕೊಳ್ಳಿ. ಯಾವ ಕಾರೇ ಆಗಲಿ, ಚಾಸಿ ನಂಬರ್ ಕೊರೆದ ತಗಡಿನ ಹತ್ತಿರ ಗ್ರೈಂಡರ್ ಹೋಗಬಾರದು. ಆರ್‌ಟಿಓ ಕಚೇರಿಯಲ್ಲಿ ಆ ನಂಬರು ಓದಲು ಬಾರದಿದ್ದರೆ, ನೀವು ಮಾಡಿಸಿದ ಚಂದದ ಕೆಲಸವನ್ನು ಯಾರೂ ಕೇಳುವುದಿಲ್ಲ.

ಕೈ ಹೋಗದ ಕಡೆ

ಬೆಸುಗೆಯ ಶಾಖಕ್ಕೆ ಹಿಂಬದಿಯ ಬಣ್ಣವೆಲ್ಲ ಸುಟ್ಟಿರುತ್ತದೆ. ಹೊರಗೆ ಕನ್ನಡಿಯಂಥ ಬಣ್ಣ, ಒಳಗೆ ಬರಿ ಕಬ್ಬಿಣ. ನಾನು ಬೇರೆ ಕಡೆ ಮಾಡಿಸಿದ ಕೆಲಸ ಎರಡೇ ತಿಂಗಳಲ್ಲಿ ದಬ್ ಎಂದದ್ದು ಪುಟ್ಟಿಯಿಂದ. ಆದರೆ ಅದಕ್ಕೂ ಮುಂಚೆ ಬಲಬದಿಯಲ್ಲಿ ಚೆನ್ನಾಗಿಯೇ ಬೆಸೆದಿದ್ದ ತೇಪೆ ಮೂರು ವರ್ಷಕ್ಕೆ ಹೋಗಿತ್ತು. ಒಳಗೆ ಏನೂ ಹಚ್ಚಿರಲಿಲ್ಲ ಎಂಬುದೊಂದೇ ಕಾರಣ.

ಕೈ ಹೋಗುವ ಕಡೆ ಎಪಾಕ್ಸಿ ಪ್ರೈಮರ್ ಎರಡು ಕೋಟ್. ನಮ್ಮಲ್ಲಿ ಎಲ್ಲದಕ್ಕೂ ರೆಡ್ ಆಕ್ಸೈಡ್ ಬಳಿಯುವ ಅಭ್ಯಾಸ ಇದೆ. ಗೇಟಿಗೆ ಸಾಕು, ಕಾರಿಗೆ ಸಾಲದು, ತೇವ ಅದರ ಮೂಲಕ ಇಳಿಯುತ್ತದೆ. ಕೈ ಹೋಗದ ಪೆಟ್ಟಿಗೆಗಳಿಗೆ ಮೇಣದ ದ್ರಾವಣ, ಕ್ಯಾವಿಟಿ ವ್ಯಾಕ್ಸ್. ಉದ್ದ ನಳಿಕೆಯಲ್ಲಿ ಒಳಗೆ ತೂರಿಸಿ ಸಿಂಪಡಿಸಿದರೆ ಸಂದಿಗೆ ಹರಿದು ಅಲ್ಲೇ ಹೆಪ್ಪುಗಟ್ಟುತ್ತದೆ. ಬಣ್ಣ ಪೂರ್ತಿ ಮುಗಿದ ಮೇಲೆ ಇದು. ಮೊದಲೇ ಹಾಕಿದರೆ ಮೇಣ ತಾಗಿದಲ್ಲಿ ಬಣ್ಣ ಹಿಡಿಯುವುದಿಲ್ಲ.

ಅಡಿಗೆ ಏನು? ದಪ್ಪ ಡಾಂಬರು ಲೇಪ ನೋಡಲು ಧೈರ್ಯ ಕೊಡುತ್ತದೆ, ಆದರೆ ಒಂದು ಕಲ್ಲು ತಾಗಿ ಬಿರುಕು ಬಿಟ್ಟರೆ ನೀರು ಅದರಡಿಗೆ ನುಗ್ಗಿ, ಹೊರಗಿನಿಂದ ಕಾಣದೆ ತಿನ್ನುತ್ತದೆ. ಮಳೆಗಾಲಕ್ಕೆ ಮುಂಚೆ ಸುಟ್ಟ ಎಂಜಿನ್ ಆಯಿಲ್ ಸಿಂಪಡಿಸುವ ನಮ್ಮ ಕಡೆಯ ಹಳೇ ಪದ್ಧತಿ ತಗಡಿಗೆ ಒಳ್ಳೆಯದೇ, ರಬ್ಬರ್ ಬುಶ್‌ಗಳನ್ನು ಮಾತ್ರ ಮೆತ್ತಗೆ ಮಾಡಿ ಕೊಲ್ಲುತ್ತದೆ, ಹಾದಿಗೂ ಎಣ್ಣೆ ತೊಟ್ಟಿಕ್ಕುತ್ತದೆ. ನಾನೀಗ ಅಡಿಗೂ ಮೇಣದ ಲೇಪವನ್ನೇ ಹಚ್ಚಿಸುತ್ತೇನೆ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಕಾರನ್ನು ಎತ್ತಿಸಿ ನೋಡಿ, ಕಿತ್ತ ಕಡೆ ಮತ್ತೆ ಬಳಿಸುವುದು. ಪಾರದರ್ಶಕ, ಹಾಗಾಗಿ ಕೆಳಗೆ ಏನಾಗುತ್ತಿದೆ ಎಂದು ಕಾಣುತ್ತದೆ.

ನನ್ನ ಕಾರಿನ ಮಟ್ಟಿಗೆ ಈಗ ಬಾಕಿ ಇರುವುದು ಹಿಂದಿನ ಎಡ ಚಕ್ರದ ಕಮಾನು. ಬಣ್ಣದಡಿ ಮೂರು ಗುಳ್ಳೆ ಎದ್ದಿವೆ. ಒಳಗಿನಿಂದ ಕೈ ಹಾಕಿದರೆ ಅಂಚಿನ ಮಡಿಕೆ ಬೆರಳಿಗೆ ಸಿಗುತ್ತದೆ, ಭಾರ ಹೊರದ ಜಾಗ. ಈ ಮಳೆ ಹೋಗಲಿ, ನವೆಂಬರಿನಲ್ಲಿ ಕತ್ತರಿಸಿ 20 ಗೇಜಿನ ತುಂಡು ಕೂರಿಸುವ ಎಂದಿದ್ದಾರೆ ಆಚಾರ್ರು. ಅಲ್ಲಿಯವರೆಗೆ ಗುಳ್ಳೆ ಒಡೆದು, ಕನ್ವರ್ಟರ್ ಬಳಿದು, ಮೇಲೆ ಗ್ರೀಸ್ ಮೆತ್ತಿ ಇಟ್ಟಿದ್ದೇನೆ. ನೋಡಲು ಅಸಹ್ಯವಾಗಿದೆ. ಪುಟ್ಟಿ ಮಾತ್ರ ಹಾಕಿಸಿಲ್ಲ.